ರೈಲಿನಲ್ಲಿ ಗಡಿ ದಾಟುವ ಮುಂಚೆ ಬ್ಯಾಗ್ ಕಟ್ಟುವುದು ಹೇಗೆ

ಲಂಡನ್ನಿನ ಮಗಳ ಮನೆಗೆ ಹೋದಾಗ ಯೂರೋಸ್ಟಾರ್ ರೈಲಿನಲ್ಲಿ ಪ್ಯಾರಿಸ್ಸಿಗೂ ಹೋಗಿ ಬಂದೆವು. ಮಂಡ್ಯದಲ್ಲಿ ಮೈಸೂರು ಗಾಡಿಗೆ ಕೊನೇ ನಿಮಿಷದಲ್ಲಿ ಓಡಿ ಹತ್ತುವ ಅಭ್ಯಾಸ ನಮ್ಮದು. ಅಲ್ಲಿ ಅದು ನಡೆಯಲ್ಲ. ಹೊರಡುವ ಅರ್ಧ ಗಂಟೆ ಮುಂಚೆಯೇ ಗೇಟ್ ಮುಚ್ಚುತ್ತಾರೆ. ಒಂದೂವರೆ ಗಂಟೆ ಮುಂಚೆ ಹೋಗಿ.

ಯಾಕೆಂದರೆ ಪಾಸ್‌ಪೋರ್ಟ್ ತಪಾಸಣೆ ಎಲ್ಲಾ ಹತ್ತುವ ಮುಂಚೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಲ್ಲೇ ಫ್ರಾನ್ಸಿನ ಪೊಲೀಸರು ಕೂತಿರುತ್ತಾರೆ. ವಾಪಸ್ ಬರುವಾಗ ಬ್ರಿಟನ್ನಿನವರು ಪ್ಯಾರಿಸ್ಸಿನಲ್ಲೇ ನೋಡಿ ಕಳಿಸುತ್ತಾರೆ. ಒಳ್ಳೆ ಪದ್ಧತಿ. ಕೋಲ್ಕತ್ತ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್‌ನಲ್ಲಿ ಮೊದಲು ಗಡಿಯ ಗೆದೆ, ದರ್ಶನಾ ಎರಡು ಕಡೆಯೂ ಲಗೇಜ್ ಹೊತ್ತು ಇಳಿಯಬೇಕಿತ್ತಂತೆ. 2017ರ ನವೆಂಬರ್‌ನಿಂದ ಆ ತಪಾಸಣೆಯನ್ನು ಹೊರಡುವ, ತಲುಪುವ ಊರುಗಳಿಗೇ ತಂದರು. 2024ರಲ್ಲಿ ಆ ರೈಲೇ ನಿಂತುಹೋಯಿತು, ಬಿಡಿ.

ಬ್ರಿಟನ್ ವೀಸಾ ಇದ್ದರೆ ಸಾಲದು, ಪ್ಯಾರಿಸ್ಸಿಗೆ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇರೆ ಬೇಕು.

ಇನ್ನು ತಿಂಡಿ. ನಾನು ತುಪ್ಪದ ಡಬ್ಬಿ, ಒಂದು ಹಿಡಿ ಕರಿಬೇವು ಇಟ್ಟಿದ್ದೆ. ಮಗಳು ಹಿಂದಿನ ರಾತ್ರಿಯೇ ಎರಡನ್ನೂ ತೆಗೆದು ಫ್ರಿಜ್ಜಿಗೆ ಹಾಕಿದಳು. ಬ್ರಿಟನ್ ಈಗ ಐರೋಪ್ಯ ಒಕ್ಕೂಟದಿಂದ ಆಚೆ ಇದೆ. ಹಾಗಾಗಿ ಅಲ್ಲಿಂದ ಮಾಂಸ, ಹಾಲಿನ ಪದಾರ್ಥ ಫ್ರಾನ್ಸಿಗೆ ಒಯ್ಯುವ ಹಾಗಿಲ್ಲ. ಹಸಿ ಹಣ್ಣು, ಸೊಪ್ಪಿಗೆ ರೋಗ ಇಲ್ಲ ಅನ್ನುವ ಸರ್ಕಾರಿ ಪ್ರಮಾಣಪತ್ರ ಬೇಕು. ಐದು ಹಣ್ಣುಗಳಿಗೆ ಮಾತ್ರ ಬೇಡ: ಬಾಳೆ, ತೆಂಗು, ಅನಾನಸ್, ಖರ್ಜೂರ, ದುರಿಯನ್. ಅಂದರೆ ನಂಜನಗೂಡು ರಸಬಾಳೆಗೆ ದಾರಿ ಇದೆ, ಮೈಸೂರು ವೀಳ್ಯದೆಲೆಗೆ ಇಲ್ಲ! ನಮ್ಮ ನಿಪ್ಪಟ್ಟನ್ನು ಯಾರೂ ಕೇಳಲಿಲ್ಲ. ವಿಮಾನದ ಹಾಗೆ 100 ಮಿಲಿ ಲೆಕ್ಕವೂ ಇಲ್ಲ, ನೀರಿನ ಬಾಟಲಿ ಧಾರಾಳವಾಗಿ ಇಟ್ಟುಕೊಳ್ಳಿ.

2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳ ಗಡಿಯಲ್ಲಿ ಹೊಸ ಪದ್ಧತಿ ಶುರುವಾಗಿದೆ. ಪಾಸ್‌ಪೋರ್ಟ್ ಮುದ್ರೆಯ ಜಾಗಕ್ಕೆ ಮುಖದ ಫೋಟೊ, ಬೆರಳಚ್ಚು ಬರುತ್ತಿವೆ. ಕಬ್ಬಿನ ಗದ್ದೆಯಲ್ಲಿ ಕೈ ಸವೆದ ನಮ್ಮ ಯಜಮಾನರ ಹೆಬ್ಬೆಟ್ಟು ಊರಿನ ರೇಷನ್ ಅಂಗಡಿಯಲ್ಲೇ ಮೂರು ಸಲಕ್ಕೆ ಬೀಳುವುದು. ಹಾಗಿದ್ದವರು ಸಾಲಲ್ಲಿ ನಿಂತಾಗಲೇ ಬೆರಳನ್ನು ಒರೆಸಿ, ಒಂದು ಚೂರು ಕ್ರೀಮ್ ಸವರಿಕೊಳ್ಳಿ. ಒಣ ಬೆರಳನ್ನು ಯಂತ್ರ ಗುರುತಿಸುವುದು ಕಷ್ಟ.

ಪಾಸ್‌ಪೋರ್ಟ್, ಟಿಕೆಟ್, ಹೋಟೆಲ್ ಕಾಗದ ಒಂದೇ ಕವರಿನಲ್ಲಿ ಕೈಗೆ ಸಿಗುವ ಹಾಗಿರಲಿ.

ಕೈಚೀಲವನ್ನು ಒಮ್ಮೆ ಪೂರ್ತಿ ಸುರಿದು ನೋಡಿ. ನಾನು ನೋಡಲಿಲ್ಲ. ಸ್ಕ್ಯಾನರ್‌ನಲ್ಲಿ ನನ್ನ ಬ್ಯಾಗ್ ನಿಂತುಬಿಟ್ಟಿತು. ಒಳಗೆ ಅತ್ತೆಯವರ ಕಾಲದ ಹಿತ್ತಾಳೆ ಅಡಕತ್ತರಿ! ಅಲ್ಲಿನ ಹುಡುಗ ಅದನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದ. ಮಗಳು ಗಾಳಿಯಲ್ಲಿ ಅಡಿಕೆ ಕತ್ತರಿಸಿ ತೋರಿಸಿದಳು. ಅವನು ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು. ಹಿಂದಿನ ಸಾಲು ನಮ್ಮನ್ನೇ ನೋಡುತ್ತಿತ್ತು. ಯಜಮಾನರು ಮಾತ್ರ ನಾವು ಯಾರೋ ಅನ್ನುವ ಹಾಗೆ ಆ ಕಡೆ ತಿರುಗಿ ನಿಂತಿದ್ದರು.