ಮಾತು ಮುರಿದರೆ ವಕೀಲರೂ ಮನೆಗೆ: ನನ್ನ ಅನುಭವ

"ಏನಮ್ಮಾ, ತಲೆ ಮೇಲೆ ನೀನೇ ಚಪ್ಪಡಿ ಎಳ್ಕೋತಿದ್ದೀಯಲ್ಲ!" ಕರಾರು ಓದಿದ ಮಂಡ್ಯದ ನನ್ನ ಸೀನಿಯರ್ ಹೀಗಂದರು. ಗಂಡ-ಹೆಂಡತಿ ಮಾತುಕತೆ ಮುರಿದು ಕೋರ್ಟಲ್ಲಿ ಜಗಳಕ್ಕೆ ನಿಂತರೆ ಇಬ್ಬರ ವಕೀಲರೂ ಕೇಸು ಬಿಡಬೇಕು ಅನ್ನೋ ಷರತ್ತು ಅದರಲ್ಲಿತ್ತು. ಕೋರ್ಟಲ್ಲಿ ಜಗಳಾಡದೆ, ಇಬ್ಬರೂ ತಮ್ಮ ತಮ್ಮ ವಕೀಲರ ಜೊತೆ ಒಟ್ಟಿಗೆ ಕೂತು ಮಾತಾಡಿ ಬೇರೆಯಾಗೋ ಕೊಲಾಬರೇಟಿವ್ ಡೈವೋರ್ಸ್‌ನ ಜೀವವೇ ಅದು. ಮಿನಿಯಾಪೊಲಿಸ್‌ನ ವಕೀಲ ಸ್ಟುವರ್ಟ್ ವೆಬ್ 1990ರಲ್ಲಿ ಶುರು ಮಾಡಿದ್ದು. ನಾನು ಮೈಸೂರಲ್ಲಿ ಮಾಡಿದೆ.

ಮೊದಲನೆಯದು ಮಕಾಡೆ ಮಲಗಿತು. ನಾಲ್ಕನೇ ಸಿಟ್ಟಿಂಗ್‌ನಲ್ಲಿ ಗಂಡ ಮುಚ್ಚಿಟ್ಟಿದ್ದ ಸೈಟು ಹೊರಬಿತ್ತು. ಹೆಂಡತಿ ಎದ್ದು ಹೋದರು, ಕರಾರಿನಂತೆ ನಾನೂ ಫೈಲು ಕೊಟ್ಟೆ. ಫೀಸು ಬಂದಿದ್ದು ಆರು ಸಾವಿರವೋ ಏನೋ. ತಪ್ಪು ನನ್ನದೇ. "ಎಲ್ಲ ಹೇಳ್ತೀವಿ" ಅಂತ ಬಾಯಿಮಾತಿಗೆ ಒಪ್ಪಿದ್ದೆ. ಈಗ ಮೂರು ವರ್ಷದ ಪಾಸ್‌ಬುಕ್, ಪಹಣಿ, ಸೊಸೈಟಿ ಸಾಲ, ಚೀಟಿ ದುಡ್ಡು, ಒಡವೆ ಪಟ್ಟಿ ಮೇಜಿನ ಮೇಲೆ ಬರೋವರೆಗೂ ಬಾಯೇ ಬಿಡಲ್ಲ.

ಎರಡನೆಯದು ಗೆದ್ದಿತು. ಆತ ಮದ್ದೂರು ಕಡೆ ಕಬ್ಬು ಬೆಳೆಗಾರ, ಆಕೆಗೆ ಮೈಸೂರಲ್ಲಿ ಕೆಲಸ, ಎಂಟು ವರ್ಷದ ಮಗಳು. ಇಬ್ಬರ ಒಡವೆ ಪಟ್ಟಿಗೂ ನಲವತ್ತು ಗ್ರಾಂ ವ್ಯತ್ಯಾಸ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಆತ ಜೇಬಿನಿಂದ ನಾಲ್ಕು ಮಡಿಕೆ ಹಾಕಿದ ಬ್ಯಾಂಕ್ ಚೀಟಿ ತೆಗೆದ. "ಬೋರ್‌ವೆಲ್‌ಗೆ ಅಂತ ಅಡ ಇಟ್ಟಿದ್ದೆ ಮೇಡಂ. ನೀರೂ ಬರ್ನಿಲ್ಲ." ಆಕೆಗೆ ನಗು ತಡೆಯಲಾಗಲಿಲ್ಲ. ಗಂಟು ಸಡಿಲವಾಗಿದ್ದು ಅಲ್ಲೇ.

ಜೀವನಾಂಶಕ್ಕೆ ಆಕೆ ತಿಂಗಳಿಗೆ ಹನ್ನೆರಡು ಸಾವಿರ ಕೇಳಿದರೆ ಆತ ಐದಕ್ಕೆ ನಿಂತಿದ್ದ. ಎಷ್ಟು ಅನ್ನೋದು ಬಿಟ್ಟು ಯಾವಾಗ ಬೇಕು ಅಂತ ಕೇಳಿದೆವು. ಆಕೆಯ ಭಯ ಜೂನ್ ತಿಂಗಳ ಸ್ಕೂಲ್ ಫೀಸಿನದು. ಆತನ ಕೈಗೆ ದುಡ್ಡು ಬರೋದು ಫ್ಯಾಕ್ಟರಿ ಕಬ್ಬಿನ ಬಿಲ್ ಕೊಟ್ಟಾಗ, ಅದು ಯಾವಾಗ ಕೊಡ್ತಾರೋ ನಿಮಗೇ ಗೊತ್ತಲ್ವಾ. ಒಂದು ವರ್ಷದ ಫೀಸು ಮೊದಲೇ ಮಗಳ ಹೆಸರಲ್ಲಿ ಡೆಪಾಸಿಟ್, ತಿಂಗಳಿಗೆ ಆರು ಸಾವಿರ, ಉಳಿದದ್ದು ಬಿಲ್ ಬಂದ ಮೇಲೆ ಅಂತ ಆಯಿತು. ದಸರಾ ರಜೆ ಅಪ್ಪನ ಊರಲ್ಲಿ, ಜಂಬೂ ಸವಾರಿ ದಿನ ಮಾತ್ರ ಅಮ್ಮನ ಜೊತೆ. ಇದು ಮಕ್ಕಳ ಕೌನ್ಸೆಲರ್ ಹತ್ತಿರ ಮಗು ತಾನೇ ಹೇಳಿದ್ದು.

ದೊಡ್ಡ ಕಾಟ ಸೋದರಮಾವಂದು. ಅವರನ್ನು ರೂಮಿನ ಹೊರಗೆ ಕೂರಿಸಿದ ಉಪಾಯ ಮಾತ್ರ ಇಲ್ಲಿ ಬರೆಯಲ್ಲ.

ಬೇರೆಯಾಗಿ ಒಂದೂವರೆ ವರ್ಷದ ಮೇಲಾಗಿತ್ತು. ಇಬ್ಬರೂ ಒಪ್ಪಿ ಡೈವೋರ್ಸ್ ಕೇಳೋ, ಹಿಂದೂ ವಿವಾಹ ಕಾಯ್ದೆಯ 13ಬಿ ಅರ್ಜಿ ಹಾಕಿದೆವು. ಆಮೇಲೆ ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ಸಿಂಗ್ ತೀರ್ಪು ಹಿಡಿದು, ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಗೂ ಮನ್ನಾ ಕೇಳಿದೆವು. ಸಿಕ್ಕಿತು.

ಹುಮ್ಮಸ್ಸಿನಲ್ಲಿ ಮಳವಳ್ಳಿ ಕಡೆಯ ಅಣ್ಣತಮ್ಮಂದಿರ ಪಾಲು ವಿಭಾಗಕ್ಕೂ ಇದನ್ನೇ ಹಚ್ಚಿದೆ. ಅಕ್ಕತಂಗಿಯರಿಗೂ ಸಮಪಾಲು, 2005ರಿಂದ ಕಾನೂನೇ ಇದೆ ಅಂದೆ. ಕಾಫಿ ಕೂಡ ಕುಡಿಯದೆ ಎದ್ದರು. ಹೊಡೆತ-ಬಡಿತ ಇರೋ ಮನೆಗೆ ಈ ದಾರಿ ಬೇಡವೇ ಬೇಡ. ಹೆದರಿದವರು ಎಲ್ಲದಕ್ಕೂ ತಲೆಯಾಡಿಸ್ತಾರೆ. ಅಂಥದ್ದೊಂದನ್ನು ವಾಪಸ್ ಕಳಿಸಿದೆ.

ಗೆದ್ದ ಆ ಎರಡನೇ ಕೇಸಿನ ಖರ್ಚು ತಲಾ ನಲವತ್ತು ಸಾವಿರದ ಆಸುಪಾಸು, ನನ್ನ ಪಾಲಿಗೆ ಇಪ್ಪತ್ತೈದು ಸಾವಿರ. ಇಬ್ಬರಿಗೂ ಸೇರಿ ಕೂತ ಅಕೌಂಟೆಂಟ್ ಫೀಸು ಯಾರು ಕೊಡಬೇಕು ಅಂತ ಬರೆಯೋದನ್ನೇ ಮರೆತಿದ್ದೆ. ಮೂರು ಸಾವಿರ ಕೈಯಿಂದ ಹೋಯಿತು. ಈಗ ಕರಾರಿನ ಎರಡನೇ ಸಾಲೇ ಅದು.