ಇಸಿಎಸ್ ಡಿಪ್ಲಾಯ್‌ಮೆಂಟ್ ಮುಗಿಯದೆ ಅಲ್ಲೇ ನಿಂತರೆ

ಅಮೆಜಾನ್ ಇಸಿಎಸ್‌ನಲ್ಲಿ (ಆ್ಯಪ್ ಅನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಓಡಿಸುವ ಸೇವೆ) ಆ್ಯಪ್‌ನ ಹೊಸ ಆವೃತ್ತಿ ಬಿಟ್ಟು ಅರ್ಧ ಗಂಟೆಯಾದರೂ ಡಿಪ್ಲಾಯ್‌ಮೆಂಟ್‌ನ ಸ್ಥಿತಿ 'ಇನ್ ಪ್ರೋಗ್ರೆಸ್' ಎಂದೇ ಇದೆ. ಸೈಟ್ ಮಾತ್ರ ಸರಿಯಾಗಿಯೇ ನಡೆಯುತ್ತಿದೆ, ಏಕೆಂದರೆ ಹಳೆಯ ಟಾಸ್ಕ್‌ಗಳು (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪುಗಳು) ಇನ್ನೂ ಓಡುತ್ತಿವೆ. ಹಳೆಯ ಟಾಸ್ಕ್‌ಗಳನ್ನು ಹಂತಹಂತವಾಗಿ ಹೊಸದಕ್ಕೆ ಬದಲಿಸುವ ರೋಲಿಂಗ್ ಅಪ್‌ಡೇಟ್ ಹೀಗೆಯೇ ನಿಲ್ಲುವುದು. ಹೊಸ ಟಾಸ್ಕ್ ಏಳುತ್ತದೆ, ಬೀಳುತ್ತದೆ, ಇಸಿಎಸ್ ಇನ್ನೊಂದನ್ನು ಎಬ್ಬಿಸುತ್ತದೆ. ಸೋಲು ಹೆಚ್ಚಾದಾಗ ಡಿಪ್ಲಾಯ್‌ಮೆಂಟ್ ನಿಲ್ಲಿಸುವ ಸರ್ಕಿಟ್ ಬ್ರೇಕರ್ ಹಾಕಿಲ್ಲದಿದ್ದರೆ ಇದು ತಾನಾಗಿ ನಿಲ್ಲುವುದಿಲ್ಲ. ಕ್ಲೌಡ್‌ಫಾರ್ಮೇಶನ್ (ಫೈಲ್‌ನಲ್ಲಿ ಬರೆದಂತೆ ಎಲ್ಲವನ್ನೂ ನಿರ್ಮಿಸುವ ಅಮೆಜಾನ್ ಸೇವೆ) ಮೂಲಕ ಬಿಟ್ಟಿದ್ದರೆ ಸರ್ವಿಸ್ (ಬೇಕಾದಷ್ಟು ಟಾಸ್ಕ್ ಸದಾ ಓಡುವಂತೆ ಇಸಿಎಸ್ ನೋಡಿಕೊಳ್ಳುವ ವ್ಯವಸ್ಥೆ) ಸ್ಥಿರವಾಗಲಿ ಎಂದು ಅದು 3 ಗಂಟೆ ಕಾದು, ಆಮೇಲಷ್ಟೇ ಕೈಬಿಡುತ್ತದೆ.

ಇಲ್ಲಿ ಹೇಳುವುದು ಫಾರ್‌ಗೇಟ್ (ಸರ್ವರ್‌ಗಳನ್ನು ಅಮೆಜಾನ್ ತಾನೇ ನೋಡಿಕೊಳ್ಳುವ ವಿಧಾನ) ಮೇಲೆ ಓಡುವ, ಮುಂದೆ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ (ಬರುವ ಟ್ರಾಫಿಕ್ ಅನ್ನು ಟಾಸ್ಕ್‌ಗಳಿಗೆ ಹಂಚುವುದು) ಇರುವ ಸರ್ವಿಸ್ ಬಗ್ಗೆ.

ಮೊದಲು ಸಾಕ್ಷ್ಯ ಎತ್ತಿಟ್ಟುಕೊಳ್ಳಿ

'ಫೋರ್ಸ್ ನ್ಯೂ ಡಿಪ್ಲಾಯ್‌ಮೆಂಟ್' ಒತ್ತಲು ಕೈ ತುರಿಸುತ್ತದೆ. ಒತ್ತಬೇಡಿ. ಅದೇ ಟಾಸ್ಕ್ ಡೆಫಿನಿಶನ್ (ಟಾಸ್ಕ್‌ನಲ್ಲಿ ಏನನ್ನು, ಹೇಗೆ ಓಡಿಸಬೇಕೆಂಬ ವಿವರಪಟ್ಟಿ) ಮತ್ತೆ ಓಡಿ ಅದೇ ಜಾಗದಲ್ಲಿ ಬೀಳುತ್ತದೆ, ಜೊತೆಗೆ ಸತ್ತ ಟಾಸ್ಕ್‌ಗಳಲ್ಲಿ ಯಾವುದು ಯಾವ ಡಿಪ್ಲಾಯ್‌ಮೆಂಟಿನದು ಎಂದು ಬಿಡಿಸುವುದು ಕಷ್ಟವಾಗುತ್ತದೆ. ನಿಂತುಹೋದ ಟಾಸ್ಕ್‌ನ ವಿವರ ಕನ್ಸೋಲ್‌ನಲ್ಲಿ ಸುಮಾರು 1 ಗಂಟೆ ಮಾತ್ರ ಉಳಿಯುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡಿ.

ಸರ್ವಿಸ್ ತೆರೆದು ಟಾಸ್ಕ್‌ಗಳ ಪಟ್ಟಿಗೆ ಹೋಗಿ, ಸ್ಥಿತಿಯ ಫಿಲ್ಟರ್ ಅನ್ನು 'ಸ್ಟಾಪ್ಡ್' ಎಂದು ಬದಲಿಸಿ. ಓಡುತ್ತಿರುವ ಟಾಸ್ಕ್‌ಗಳನ್ನಷ್ಟೇ ನೋಡಿ 'ಎಲ್ಲ ಸರಿಯಾಗಿದೆಯಲ್ಲ' ಎಂದುಕೊಳ್ಳುವವರೇ ಹೆಚ್ಚು. ಇತ್ತೀಚೆಗೆ ಸತ್ತ ಎರಡು ಮೂರು ಟಾಸ್ಕ್‌ಗಳನ್ನು ತೆರೆದು, ನಿಂತ ಕಾರಣ, ಪ್ರತಿ ಕಂಟೇನರ್‌ನ ಎಕ್ಸಿಟ್ ಕೋಡ್ (ನಿಂತಾಗ ಬಿಟ್ಟುಹೋಗುವ ಸಂಖ್ಯೆ), ಶುರುವಾದ ಹೊತ್ತು, ನಿಂತ ಹೊತ್ತು ಇಷ್ಟನ್ನು ಬರೆದುಕೊಳ್ಳಿ. ಆಮೇಲೆ ಸರ್ವಿಸ್‌ನ 'ಇವೆಂಟ್ಸ್' ನೋಡಿ. ಅಲ್ಲಿ ಕೊನೆಯ 100 ಘಟನೆಗಳು ಸಿಗುತ್ತವೆ. ತಲೆಯ ಮೇಲಿರುವ ಸಾಲು ಬರೀ ಪುನರಾವರ್ತನೆಯಾಗಿರುತ್ತದೆ. ಈ ಡಿಪ್ಲಾಯ್‌ಮೆಂಟ್ ಶುರುವಾದ ಹೊತ್ತಿನ ಸಾಲನ್ನು ಹುಡುಕಿ, ಅಲ್ಲಿಂದ ಮೇಲಕ್ಕೆ ಓದುತ್ತಾ ಬನ್ನಿ.

ಟಾಸ್ಕ್ ಯಾವ ಹಂತದವರೆಗೆ ಬಂದು ಬಿದ್ದಿದೆ ಎಂಬುದೇ ಮುಖ್ಯ ಸುಳಿವು. 'ಪೆಂಡಿಂಗ್'ನಲ್ಲೇ ಸತ್ತರೆ ದೋಷ ನೆಟ್‌ವರ್ಕ್, ಅನುಮತಿ ಅಥವಾ ಇಮೇಜ್‌ನದು (ಕಂಟೇನರ್ ಹುಟ್ಟುವ ಸಿದ್ಧ ಪ್ರತಿ), ನಿಮ್ಮ ಕೋಡ್ ಇನ್ನೂ ಓಡೇ ಇಲ್ಲ. 'ರನ್ನಿಂಗ್'ಗೆ ಬಂದು ಕೆಲವೇ ಸೆಕೆಂಡಿನಲ್ಲಿ ಸತ್ತರೆ ಆ್ಯಪ್‌ನ ಲಾಗ್ ನೋಡಬೇಕು. ಒಂದೆರಡು ನಿಮಿಷ ಓಡಿ ಸತ್ತರೆ ಹೆಲ್ತ್ ಚೆಕ್, ಅಂದರೆ ಆ್ಯಪ್ ಉತ್ತರಿಸುತ್ತಿದೆಯೇ ಎಂದು ಆಗಾಗ ಕೇಳುವ ಪರೀಕ್ಷೆ.

ಹೊಸ ಟಾಸ್ಕ್ ಏಳುವುದೇ ಇಲ್ಲ

ಸತ್ತ ಟಾಸ್ಕ್ ಒಂದೂ ಕಾಣದೆ, ಹೊಸದೂ ಏಳದೆ ಇದ್ದರೆ ಶೇಕಡಾವಾರು ಲೆಕ್ಕ ನೋಡಿ. ಕನಿಷ್ಠ ಆರೋಗ್ಯವಂತ ಟಾಸ್ಕ್‌ಗಳ ಪ್ರಮಾಣ 100, ಗರಿಷ್ಠ ಪ್ರಮಾಣ 200 ಎಂಬುದು ಸಾಮಾನ್ಯ ಹೊಂದಿಕೆ. ಖರ್ಚು ಉಳಿಸಲೆಂದು ಯಾರೋ ಗರಿಷ್ಠವನ್ನು 150ಕ್ಕೆ ಇಳಿಸಿರುತ್ತಾರೆ. ಬೇಕಾದ ಟಾಸ್ಕ್ 1 ಮಾತ್ರ ಇದ್ದರೆ 150 ಪ್ರತಿಶತ ಎಂದರೆ ಒಂದೂವರೆ. ಇಸಿಎಸ್ ಗರಿಷ್ಠವನ್ನು ಕೆಳಕ್ಕೆ ಸರಿಹೊಂದಿಸಿ 1 ಎನ್ನುತ್ತದೆ, ಕನಿಷ್ಠವನ್ನು ಮೇಲಕ್ಕೆ ಸರಿಹೊಂದಿಸುತ್ತದೆ. ಹಾಗಾಗಿ ಕನಿಷ್ಠ 50 ಎಂದು ಕೊಟ್ಟರೂ ಅದು 1ಕ್ಕೇ ಬರುತ್ತದೆ. ಹಳೆಯದನ್ನು ಇಳಿಸುವಂತಿಲ್ಲ, ಹೊಸದನ್ನು ಏರಿಸುವಂತಿಲ್ಲ. ಒಂದೇ ಟಾಸ್ಕ್ ಇರುವ ಸರ್ವಿಸ್‌ಗೆ ಗರಿಷ್ಠ 200 ಇರಲೇಬೇಕು. ಇಲ್ಲವೇ ಒಂದಿಷ್ಟು ಹೊತ್ತು ಸೇವೆ ನಿಂತರೂ ಪರವಾಗಿಲ್ಲ ಎಂದು ಕನಿಷ್ಠವನ್ನು 0 ಮಾಡಬೇಕು.

ಪೆಂಡಿಂಗ್‌ನಲ್ಲೇ ಸಾಯುತ್ತಿದೆ

ಕಾರಣದ ಸಾಲಿನಲ್ಲಿ 'ಕ್ಯಾನಾಟ್ ಪುಲ್ ಕಂಟೇನರ್ ಎರರ್' ಅಥವಾ 'ರಿಸೋರ್ಸ್ ಇನಿಶಿಯಲೈಸೇಶನ್ ಎರರ್' ಎಂದಿರುತ್ತದೆ. ಸಾಲಿನ ಕೊನೆಯಲ್ಲಿ 'ಟೈಮೌಟ್' ಇದೆಯೋ 'ಆ್ಯಕ್ಸೆಸ್ ಡಿನೈಡ್' ಇದೆಯೋ ಎಂದು ಮೊದಲು ಬೇರ್ಪಡಿಸಿ. ಟೈಮೌಟ್ ಎಂದರೆ ದಾರಿ ಇಲ್ಲ, ಡಿನೈಡ್ ಎಂದರೆ ದಾರಿ ಇದೆ, ಅನುಮತಿ ಇಲ್ಲ. ಇವೆರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಟೈಮೌಟ್ ಬಂದರೆ ಟಾಸ್ಕ್ ಯಾವ ಸಬ್‌ನೆಟ್‌ನಲ್ಲಿದೆ (ನಿಮ್ಮ ನೆಟ್‌ವರ್ಕ್‌ನ ಯಾವ ಭಾಗದಲ್ಲಿದೆ) ನೋಡಿ. ಪಬ್ಲಿಕ್ ಸಬ್‌ನೆಟ್‌ನಲ್ಲಿದ್ದರೆ ಟಾಸ್ಕ್‌ಗೆ ಪಬ್ಲಿಕ್ ಐಪಿ ಕೊಡುವ ಆಯ್ಕೆ ಆನ್ ಆಗಿರಬೇಕು. ಪ್ರೈವೇಟ್ ಸಬ್‌ನೆಟ್‌ನಲ್ಲಿದ್ದರೆ ಹೊರಗಿನ ಇಂಟರ್ನೆಟ್‌ಗೆ ದಾರಿ ಕೊಡುವ ನ್ಯಾಟ್ ಗೇಟ್‌ವೇ ಬೇಕು, ಇಲ್ಲವೇ ಇಂಟರ್ನೆಟ್ ಮುಟ್ಟದೆ ಅಮೆಜಾನ್ ಸೇವೆಗಳಿಗೆ ಒಳದಾರಿ ಕೊಡುವ ವಿಪಿಸಿ ಎಂಡ್‌ಪಾಯಿಂಟ್‌ಗಳು ಬೇಕು. ಇಮೇಜ್‌ಗಳನ್ನು ಇಡುವ ಇಸಿಆರ್‌ಗೆ ಒಂದಲ್ಲ, ಎರಡು ಎಂಡ್‌ಪಾಯಿಂಟ್: ಎಪಿಐಗೆ ಒಂದು, ಡಾಕರ್ ರಿಜಿಸ್ಟ್ರಿಗೆ ಒಂದು. ಇದರ ಜೊತೆ ಎಸ್3 (ಅಮೆಜಾನ್‌ನ ಫೈಲ್ ಸಂಗ್ರಹ) ಗೇಟ್‌ವೇ ಎಂಡ್‌ಪಾಯಿಂಟ್. ಇಸಿಆರ್ ಇಮೇಜ್‌ನ ಪದರಗಳು ನಿಜವಾಗಿ ಕೂತಿರುವುದು ಎಸ್3ಯಲ್ಲಿ, ಆದ್ದರಿಂದ ಇದನ್ನು ಮರೆತವರಿಗೆ ಲಾಗಿನ್ ಆಗುತ್ತದೆ, ಇಮೇಜ್ ಮಾತ್ರ ಇಳಿಯುವುದಿಲ್ಲ. ಲಾಗ್ ಕಳಿಸಲು ಕ್ಲೌಡ್‌ವಾಚ್ ಲಾಗ್ಸ್ ಎಂಡ್‌ಪಾಯಿಂಟ್, ಸೀಕ್ರೆಟ್ (ಪಾಸ್‌ವರ್ಡ್‌ನಂಥ ಗುಟ್ಟು) ಓದುವುದಿದ್ದರೆ ಸೀಕ್ರೆಟ್ಸ್ ಮ್ಯಾನೇಜರ್‌ನದೂ ಬೇಕು. ಎಸ್3 ಗೇಟ್‌ವೇ ಬಿಟ್ಟು ಉಳಿದ ಎಂಡ್‌ಪಾಯಿಂಟ್‌ಗಳ ಸೆಕ್ಯೂರಿಟಿ ಗ್ರೂಪ್‌ನಲ್ಲಿ ಟಾಸ್ಕ್‌ನಿಂದ ಬರುವ 443 ಪೋರ್ಟ್ ತೆರೆದಿರಬೇಕು, ಪ್ರೈವೇಟ್ ಡಿಎನ್‌ಎಸ್ ಆನ್ ಆಗಿರಬೇಕು.

ಡಿನೈಡ್ ಬಂದರೆ ನೋಡಬೇಕಾದ್ದು ಟಾಸ್ಕ್ ಎಕ್ಸಿಕ್ಯೂಶನ್ ರೋಲ್ (ರೋಲ್ ಎಂದರೆ ಅನುಮತಿಗಳ ಕಟ್ಟು). ಟಾಸ್ಕ್ ರೋಲ್ ಬೇರೆ, ಅದು ಓಡುತ್ತಿರುವ ನಿಮ್ಮ ಆ್ಯಪ್‌ಗೆ. ಇಮೇಜ್ ಇಳಿಸುವುದು, ಸೀಕ್ರೆಟ್ ತಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ತುಂಬುವುದು ಎಕ್ಸಿಕ್ಯೂಶನ್ ರೋಲ್‌ನ ಕೆಲಸ. ಅಮೆಜಾನ್ ಸಿದ್ಧವಾಗಿ ಕೊಡುವ ಎಕ್ಸಿಕ್ಯೂಶನ್ ಪಾಲಿಸಿಯಲ್ಲಿ ಇಸಿಆರ್‌ನಿಂದ ಇಳಿಸುವ ಮತ್ತು ಲಾಗ್ ಬರೆಯುವ ಅನುಮತಿ ಇದೆ. ಸೀಕ್ರೆಟ್ ಓದುವ ಅನುಮತಿ ಇಲ್ಲ, ಲಾಗ್ ಗ್ರೂಪ್ ಸೃಷ್ಟಿಸುವ ಅನುಮತಿಯೂ ಇಲ್ಲ. 'ಲಾಗ್ ಗ್ರೂಪ್ ಇಲ್ಲದಿದ್ದರೆ ಸೃಷ್ಟಿಸು' ಎಂದು ಟಾಸ್ಕ್ ಡೆಫಿನಿಶನ್‌ನಲ್ಲಿ ಬರೆದು, ಅನುಮತಿ ಕೊಡದೆ ಬಿಟ್ಟರೆ ಟಾಸ್ಕ್ ಏಳುವುದಿಲ್ಲ. ಹೊಸ ಎನ್ವಿರಾನ್‌ಮೆಂಟ್‌ನಲ್ಲಿ ಮೊದಲ ಸಲ ಬಿಡುವಾಗ ಇದನ್ನೇ ಮೊದಲು ಅನುಮಾನಿಸಿ.

ಓಡಿದ ಕೂಡಲೇ ಬೀಳುತ್ತಿದೆ

ಲಾಗ್‌ನಲ್ಲಿ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂಬ ಒಂದೇ ಸಾಲು ಇದ್ದರೆ ಇಮೇಜ್‌ನ ಪ್ರೊಸೆಸರ್ ಜಾತಿ ತಪ್ಪಿದೆ. ಎಂ ಸರಣಿಯ ಮ್ಯಾಕ್‌ಬುಕ್‌ನಲ್ಲಿ ಬಿಲ್ಡ್ ಮಾಡಿದರೆ ಎಆರ್‌ಎಂ ಇಮೇಜ್ ಹುಟ್ಟುತ್ತದೆ, ಟಾಸ್ಕ್ ಡೆಫಿನಿಶನ್‌ನಲ್ಲಿ ಬೇರೆ ಹೇಳದಿದ್ದರೆ ಫಾರ್‌ಗೇಟ್ ಓಡಿಸುವುದು ಎಕ್ಸ್86 ಮೇಲೆ. ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ಅನ್ನು ಲಿನಕ್ಸ್ ಎಎಂಡಿ64 ಎಂದು ಸ್ಪಷ್ಟವಾಗಿ ಕೊಡಿ, ಅಥವಾ ಡೆಫಿನಿಶನ್‌ನಲ್ಲಿ ಎಆರ್‌ಎಂ64 ಎಂದು ಬರೆಯಿರಿ.

ಎಕ್ಸಿಟ್ ಕೋಡ್ 137 ಎಂದರೆ 128ಕ್ಕೆ 9 ಸೇರಿದೆ, ಅಂದರೆ 9ನೇ ಸಿಗ್ನಲ್ ಬಡಿದು ಕೊಂದಿದೆ. ಪಕ್ಕದಲ್ಲಿ 'ಔಟ್ ಆಫ್ ಮೆಮೊರಿ' ಎಂದಿದ್ದರೆ ಮೆಮೊರಿ ಮುಗಿದಿದೆ. ಹಾಗಿಲ್ಲದಿದ್ದರೆ, ನಿಲ್ಲು ಎಂದಾಗ ನಿಲ್ಲದ ಕಂಟೇನರ್ ಅನ್ನು ಇಸಿಎಸ್ ತಾನೇ ಕೊಂದಿರಬಹುದು. 143 ಎಂದರೆ ನಿಲ್ಲು ಎಂದಾಗ ನಿಂತಿದೆ, ಕೊಲ್ಲಿಸಿದವರು ಯಾರು ಎಂದು ಇವೆಂಟ್ಸ್‌ನಲ್ಲಿ ನೋಡಿ.

ಎಲ್ಲರನ್ನೂ ದಾರಿ ತಪ್ಪಿಸುವುದು ಎಕ್ಸಿಟ್ ಕೋಡ್ 0. ದೋಷವೇ ಇಲ್ಲ, ಆದರೂ ಟಾಸ್ಕ್ ಸತ್ತಿದೆ. ಡೇಟಾಬೇಸ್ ಮೈಗ್ರೇಶನ್ ಓಡಿಸಿ ಮುಗಿಯುವ ಚಿಕ್ಕ ಕಂಟೇನರ್ ಒಂದನ್ನು ಅದೇ ಟಾಸ್ಕ್‌ನಲ್ಲಿ ಸೇರಿಸಿದ್ದೀರಾ? ಕಂಟೇನರ್ 'ಎಸೆನ್ಶಿಯಲ್' ಎಂಬುದು ಹೇಳದಿದ್ದರೂ ನಿಜವೆಂದೇ ಲೆಕ್ಕ. ಎಸೆನ್ಶಿಯಲ್ ಕಂಟೇನರ್ ಯಾವ ಕಾರಣಕ್ಕೆ ನಿಂತರೂ ಇಡೀ ಟಾಸ್ಕ್ ನಿಲ್ಲುತ್ತದೆ. ಮೈಗ್ರೇಶನ್ ಕಂಟೇನರ್‌ಗೆ ಎಸೆನ್ಶಿಯಲ್ ಅನ್ನು ಸುಳ್ಳು ಎಂದು ಬರೆದು, ಮುಖ್ಯ ಕಂಟೇನರ್ ಅದು 'ಸಕ್ಸೆಸ್' ಆಗುವವರೆಗೆ ಕಾಯುವಂತೆ ಡಿಪೆಂಡ್ಸ್-ಆನ್ ಹಾಕಿ.

ಹೆಲ್ತ್ ಚೆಕ್‌ನಲ್ಲಿ ಬೀಳುತ್ತಿದೆ

ನಿಂತ ಡಿಪ್ಲಾಯ್‌ಮೆಂಟ್‌ಗಳಲ್ಲಿ ಹೆಚ್ಚು ಹೊತ್ತು ತಿನ್ನುವುದು ಇದೇ, ಏಕೆಂದರೆ ಆ್ಯಪ್‌ನ ಲಾಗ್ ಪೂರ್ತಿ ಶುಭ್ರವಾಗಿರುತ್ತದೆ. ಲೋಡ್ ಬ್ಯಾಲೆನ್ಸರ್ 30 ಸೆಕೆಂಡಿಗೊಮ್ಮೆ ಕೇಳುತ್ತದೆ, 5 ಸೆಕೆಂಡಿನಲ್ಲಿ 200 ಉತ್ತರ ಬರಬೇಕು, ಸತತ 2 ಸಲ ತಪ್ಪಿದರೆ ಅನಾರೋಗ್ಯ ಎಂದು ತೀರ್ಮಾನ. ಇವು ಡೀಫಾಲ್ಟ್ ಮೌಲ್ಯಗಳು. ಏಳಲು 90 ಸೆಕೆಂಡ್ ಬೇಕಾಗುವ ಜಾವಾ ಆ್ಯಪ್ ಅಷ್ಟರೊಳಗೆ ಸಾಯುವುದು ಖಚಿತ, ಏಕೆಂದರೆ ಸರ್ವಿಸ್‌ನ 'ಹೆಲ್ತ್ ಚೆಕ್ ಗ್ರೇಸ್ ಪೀರಿಯಡ್' (ಶುರುವಿನಲ್ಲಿ ಹೆಲ್ತ್ ಚೆಕ್ ಸೋಲನ್ನು ಲೆಕ್ಕಿಸದ ಅವಧಿ) ಡೀಫಾಲ್ಟ್ ಆಗಿ 0. ಆ್ಯಪ್ ಏಳಲು ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ಲಾಗ್‌ನಲ್ಲಿ ಅಳೆದು, ಅದರ ಎರಡರಷ್ಟು ಕೊಡಿ, ಇಲ್ಲಿ 180. ಥ್ರೆಶೋಲ್ಡ್ (ಎಷ್ಟು ಸಲ ತಪ್ಪಬಹುದು ಎಂಬ ಮಿತಿ) ಸಡಿಲಿಸಿ ಇದನ್ನು ಸರಿಮಾಡಬೇಡಿ. ಮುಂದೆ ನಿಜವಾಗಿ ಸತ್ತ ಟಾಸ್ಕ್‌ಗೂ ಅಷ್ಟೇ ಹೊತ್ತು ಟ್ರಾಫಿಕ್ ಹೋಗುತ್ತದೆ.

ಕಾಲಾವಕಾಶ ಕೊಟ್ಟರೂ ಬಿದ್ದರೆ ಟಾರ್ಗೆಟ್ ಗ್ರೂಪ್‌ನಲ್ಲಿ (ಲೋಡ್ ಬ್ಯಾಲೆನ್ಸರ್ ಟ್ರಾಫಿಕ್ ಕಳಿಸುವ ಟಾಸ್ಕ್‌ಗಳ ಪಟ್ಟಿ) ಬರೆದಿರುವ ಕಾರಣ ಓದಿ. 'ಟೈಮ್ಡ್ ಔಟ್' ಎಂದರೆ ಲೋಡ್ ಬ್ಯಾಲೆನ್ಸರ್‌ನ ಸೆಕ್ಯೂರಿಟಿ ಗ್ರೂಪ್‌ನಿಂದ ಟಾಸ್ಕ್‌ನ ಗ್ರೂಪ್‌ಗೆ ಕಂಟೇನರ್ ಪೋರ್ಟ್ ತೆರೆದಿದೆಯೇ ನೋಡಿ. ಕೋಡ್ 301 ಅಥವಾ 302 ಬಂದರೆ ಆ್ಯಪ್ ಲಾಗಿನ್ ಪುಟಕ್ಕೋ ಎಚ್‌ಟಿಟಿಪಿಎಸ್‌ಗೋ ತಳ್ಳುತ್ತಿದೆ, 401 ಬಂದರೆ ಲಾಗಿನ್ ಕೇಳುತ್ತಿದೆ, ಹೆಲ್ತ್ ಚೆಕ್‌ಗೆ ಲಾಗಿನ್ ಕೇಳದ ಪ್ರತ್ಯೇಕ ದಾರಿ ಮಾಡಿ. ಆ್ಯಪ್ 0.0.0.0 (ಎಲ್ಲ ಕಡೆಯಿಂದ ಬರುವುದು) ಬದಲು 127.0.0.1 (ತನ್ನೊಳಗಿನಿಂದ ಬರುವುದು) ಮೇಲೆ ಮಾತ್ರ ಕಿವಿಗೊಟ್ಟಿದ್ದರೆ ಕಂಟೇನರ್ ಒಳಗಿನ ಹೆಲ್ತ್ ಚೆಕ್ ಪಾಸಾಗುತ್ತದೆ, ಲೋಡ್ ಬ್ಯಾಲೆನ್ಸರ್‌ನದು ಫೇಲಾಗುತ್ತದೆ. ಇದರ ತಿರುಗುಮುರುಗೂ ಉಂಟು: ಸ್ಲಿಮ್ ಇಮೇಜ್‌ಗೆ ಬದಲಾಯಿಸಿದಾಗ ಒಳಗೆ ಕರ್ಲ್ (ವೆಬ್ ವಿಳಾಸಕ್ಕೆ ರಿಕ್ವೆಸ್ಟ್ ಕಳಿಸುವ ಸಾಧನ) ಇರುವುದಿಲ್ಲ, ಕರ್ಲ್ ಬಳಸುವ ಒಳಗಿನ ಚೆಕ್ ಫೇಲಾಗುತ್ತದೆ, ಆ್ಯಪ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ.

ಹೊಸದೆಲ್ಲ ಸರಿ, ಹಳೆಯದು ಹೋಗುತ್ತಿಲ್ಲ

ಇದು ಬಹುಪಾಲು ಕಾಯುವಿಕೆ. ಟಾರ್ಗೆಟ್ ಗ್ರೂಪ್‌ನ ಡಿರಿಜಿಸ್ಟ್ರೇಶನ್ ಡಿಲೇ (ಹಳೆಯ ಟಾಸ್ಕ್ ಕೈಯಲ್ಲಿರುವ ರಿಕ್ವೆಸ್ಟ್ ಮುಗಿಸಲಿ ಎಂದು ಕಾಯುವ ಅವಧಿ) ಡೀಫಾಲ್ಟ್ 300 ಸೆಕೆಂಡ್. ಚಿಕ್ಕ ರಿಕ್ವೆಸ್ಟ್‌ಗಳ ಎಪಿಐಗೆ 30 ಸಾಕು. ನಿಲ್ಲು ಎಂದ ಮೇಲೆ ಕಂಟೇನರ್‌ಗೆ ನಿಲ್ಲಲು ಕೊಡುವ ಅವಧಿ ಡೀಫಾಲ್ಟ್ 30 ಸೆಕೆಂಡ್, ಫಾರ್‌ಗೇಟ್‌ನಲ್ಲಿ 120ರವರೆಗೆ ಏರಿಸಬಹುದು. ಕೋಡ್‌ನಲ್ಲಿ ಟಾಸ್ಕ್ ಪ್ರೊಟೆಕ್ಷನ್ ಹಾಕಿದ್ದರೆ ಆ ಟಾಸ್ಕ್ ಅನ್ನು ಇಸಿಎಸ್ ಇಳಿಸುವುದಿಲ್ಲ. ಈ ರಕ್ಷಣೆಯ ಅವಧಿ ಹೇಳದಿದ್ದರೆ 2 ಗಂಟೆ, ಹೆಚ್ಚೆಂದರೆ 48 ಗಂಟೆ.

ಕಾರಣ ಸಿಕ್ಕು ಹೊಸ ಟಾಸ್ಕ್ ಡೆಫಿನಿಶನ್ ಬಿಡುವಾಗ ಸರ್ಕಿಟ್ ಬ್ರೇಕರ್ ಅನ್ನು ರೋಲ್‌ಬ್ಯಾಕ್ (ಹಿಂದಿನ ಆವೃತ್ತಿಗೆ ಮರಳುವುದು) ಸಮೇತ ಆನ್ ಮಾಡಿ. ಬೇಕಾದ ಟಾಸ್ಕ್ ಸಂಖ್ಯೆಯ ಅರ್ಧದಷ್ಟು ಸೋಲುಗಳಾದಾಗ ಅದು ಡಿಪ್ಲಾಯ್‌ಮೆಂಟ್ ನಿಲ್ಲಿಸುತ್ತದೆ, ಆದರೆ 3ಕ್ಕಿಂತ ಕಡಿಮೆಯಾಗದು, 200 ಮೀರದು. 4 ಟಾಸ್ಕ್ ಇದ್ದರೆ 3 ಸೋಲು, 20 ಇದ್ದರೆ 10. ಹಿಂದೆ ಒಮ್ಮೆಯೂ ಪೂರ್ತಿಯಾದ ಡಿಪ್ಲಾಯ್‌ಮೆಂಟ್ ಇಲ್ಲದ ಹೊಸ ಸರ್ವಿಸ್‌ಗೆ ಹಿಂದಿರುಗಲು ಜಾಗವೇ ಇಲ್ಲದ್ದರಿಂದ ಅದು ಅಲ್ಲೇ ನಿಲ್ಲುತ್ತದೆ. ಆಗ ಸತ್ತ ಟಾಸ್ಕ್‌ಗಳ ಪಟ್ಟಿಯನ್ನು 1 ಗಂಟೆಯೊಳಗೆ ನೋಡಿಬಿಡಿ.