ತರಗತಿಗಾಗಿ ನಾವೇ ಹೊಲಿದುಕೊಂಡ ಪುಸ್ತಕಗಳು: ನನ್ನ ಅನುಭವ

ಇಬ್ಬರು ತಾಯಂದಿರ ಮನೆಯ ಕಥೆಯನ್ನೂ, ಹುಡುಗ ಅಥವಾ ಹುಡುಗಿ ಎಂಬ ಎರಡೇ ಸಾಲಿನಲ್ಲಿ ನಿಲ್ಲಲೊಲ್ಲದ ಮಗುವಿನ ಕಥೆಯನ್ನೂ ಧಾರವಾಡ ಸೀಮೆಯ ಕನ್ನಡ ಶಾಲೆಯ ನಾಲ್ಕನೆಯ ತರಗತಿಗೆ ಕೊಡುತ್ತೇನೆಂದಾಗ ಸಹೋದ್ಯೋಗಿಗಳು ನಕ್ಕಿದ್ದರು. ಈಗ ಪಕ್ಕದ ಎರಡು ಶಾಲೆಗಳವರು ಮೂಲಪ್ರತಿ ಕೇಳಿಕೊಂಡು ಬಂದಿದ್ದಾರೆ.

ಮೊದಲ ವರ್ಷ ಇಂಗ್ಲಿಷ್ ಚಿತ್ರಪುಸ್ತಕಗಳಿಗೆ ಕನ್ನಡದ ಚೀಟಿ ಅಂಟಿಸಿದೆ. ಹನ್ನೆರಡು ಪುಸ್ತಕಕ್ಕೆ ಸುಮಾರು 4,000 ರೂಪಾಯಿ ಹೋಯಿತು. ಮಳೆಗಾಲಕ್ಕೆ ಚೀಟಿಗಳೂ ಉದುರಿದವು. ಅದಕ್ಕಿಂತ ಹೆಚ್ಚು ಕಾಡಿದ್ದು ಕ್ರಿಯಾಪದ. 'ಬಂದನು' ಎಂದರೆ ಹುಡುಗ, 'ಬಂದಳು' ಎಂದರೆ ಹುಡುಗಿ. 'ಬಂದಿತು' ಎಂಬುದು ಕೈಗೂಸಿಗೆ ಸರಿ, ಎಂಟು ವರ್ಷದವರಿಗೆ ಹೇಳಿದರೆ ಕರುವಿನ ಪಕ್ಕ ಕಟ್ಟಿದಂತೆ. 'ಬಂದರು' ಎಂದು ಬರೆದರೆ, "ಇವರೇನು ಊರ ಗೌಡರೇನ್ರಿ?" ಎಂದು ಮಕ್ಕಳು ನಕ್ಕರು. ಕಡೆಗೆ ಇಡೀ ಕಥೆಯನ್ನು ಉತ್ತಮ ಪುರುಷಕ್ಕೆ ತಿರುಗಿಸಿದೆ. 'ನಾನು ಬಂದೆ' ಎನ್ನುವಲ್ಲಿ ಗಂಡೂ ಕಾಣುವುದಿಲ್ಲ, ಹೆಣ್ಣೂ ಕಾಣುವುದಿಲ್ಲ. ಇಷ್ಟು ಹೊಳೆಯಲು ನನಗೆ 14 ತಿಂಗಳು ಬೇಕಾಯಿತು. ಕಥೆಯೊಳಗಿನ ಗೆಳೆಯರು ಆ ಮಗುವನ್ನು ಕರೆಯುವಾಗ 'ಬಾರೋ', 'ಬಾರೇ' ಎರಡೂ ನುಸುಳದಂತೆ ಹೇಗೆ ನಡೆಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಬ್ಬರು ತಾಯಂದಿರ ಕಥೆ ನನ್ನ ಕಿಸೆಗೇ ಕೈಹಾಕಿತು. ಒಬ್ಬರನ್ನು 'ಅವ್ವ', ಇನ್ನೊಬ್ಬರನ್ನು 'ಆಯಿ' ಎಂದು ಕರೆದು, ಸಂಬಳದಿಂದ 21,000 ರೂಪಾಯಿಯಷ್ಟು ಸುರಿದು ಬಣ್ಣದಲ್ಲಿ 300 ಪ್ರತಿ ಅಚ್ಚು ಹಾಕಿಸಿದೆ. ನಮ್ಮ ಮಕ್ಕಳ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ! ಅವ್ವ ಮತ್ತು ಅಜ್ಜಿ ಇರುವ ಮನೆಯಲ್ಲಿ ವಿಶೇಷವೇನಿದೆ ಎಂದು ಅವರು ಪುಟ ಮಗುಚಿದರು. 'ಸಣ್ಣವ್ವ' ಎಂದು ತಿದ್ದಿದರೆ ಚಿಕ್ಕಮ್ಮನಾಗುತ್ತಾಳೆ. ಈಗ ಅವರು 'ಸೈಕಲ್ ಅವ್ವ' ಮತ್ತು 'ಹೊಲಿಗೆ ಅವ್ವ'; ಯಾರಿಗೂ ಗೊಂದಲವಿಲ್ಲ. ಹಳೆಯ ಪ್ರತಿಗಳಲ್ಲಿ ಇನ್ನೂರು ಇಂದಿಗೂ ಅಟ್ಟದ ಮೇಲಿವೆ.

ನಡುವೆ ಬೃಹನ್ನಳೆಯ ಕಥೆಯನ್ನೂ ಪ್ರಯತ್ನಿಸಿದೆ. ಮಕ್ಕಳು ಒಲೆಯ ಮುಂದೆ ಪೌರುಷ ಕೊಚ್ಚುವ ಉತ್ತರಕುಮಾರನಿಗೆ ಬಿದ್ದು ಬಿದ್ದು ನಕ್ಕು, ಬೃಹನ್ನಳೆಯನ್ನು ಮರೆತೇಬಿಟ್ಟರು.

ಇದೆಲ್ಲ ಪೇಟೆಯ ಖಯಾಲಿ ಎಂದು ಶಾಲಾಭಿವೃದ್ಧಿ ಸಮಿತಿಯಲ್ಲಿ ಒಬ್ಬರು ಆಕ್ಷೇಪಿಸಿದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಿದ ಲಿಂಗತ್ವ ಅಲ್ಪಸಂಖ್ಯಾತ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಚಿತ್ರವನ್ನು ಮುಂದಿಟ್ಟು, ಸವದತ್ತಿ ಗುಡ್ಡದಲ್ಲಿ ಸೀರೆಯುಟ್ಟು ಎಲ್ಲಮ್ಮನ ಸೇವೆ ಮಾಡುವ ಜೋಗಪ್ಪಂದಿರಿಗೆ ಕೈಮುಗಿದು ಬರುವವರು ನಾವೇ ಅಲ್ಲವೇ ಎಂದು ಕೇಳಿದೆ. ಇಬ್ಬರು ಅವ್ವಂದಿರಿಗೆ ಆ ಉತ್ತರ ಸಾಲದೆಂದು ನನಗೂ ತಿಳಿದಿತ್ತು. ಆದುದರಿಂದ ಪುಸ್ತಕವನ್ನೇ ಆಕ್ಷೇಪಿಸಿದವರ ಮನೆಗೆ ಕಳುಹಿಸಿದೆ. ವಾರದ ನಂತರ ಅದು ಮರಳಿ ಬಂದಾಗ ಅವರ ಮೊಮ್ಮಗಳು ಎರಡನೆಯ ಭಾಗ ಕೇಳಿದಳು.

ಈಗ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿ, ದಬ್ಬಳದಿಂದ ತೂತು ಹಾಕಿ, ಗೋಣಿ ಹೊಲಿಯುವ ದಾರದಿಂದ ನಾವೇ ಹೊಲಿಯುತ್ತೇವೆ. ಪ್ರತಿಯೊಂದಕ್ಕೆ 30 ರೂಪಾಯಿ ಬೀಳಬಹುದು. ಬಣ್ಣವಿಲ್ಲದ ಚಿತ್ರಗಳಿಗೆ ಮಕ್ಕಳೇ ಕ್ರೇಯಾನ್ ಹಚ್ಚುತ್ತಾರೆ: ಕಥೆ ಹೇಳುವ ಮಗುವಿಗೆ ಕೆಲವರು ಮೀಸೆ ಬರೆದಿದ್ದಾರೆ, ಕೆಲವರು ಜಡೆಗೆ ಹೂ ಮುಡಿಸಿದ್ದಾರೆ. ಏಳನೆಯ ಪ್ರತಿಯಲ್ಲಿ ಎರಡೂ ಇವೆ, ಮತ್ತು ಅದರ ಬೆನ್ನನ್ನು ಈಗಾಗಲೇ ಮೂರು ಬಾರಿ ಹೊಲಿದಾಗಿದೆ.